ಟಿವಿ ಬೋರ್ಡಿಗೆ ಹನ್ನೊಂದು ಕೋಳಿಮರಿಗಳ ಕಾವಲು

"ಬರುವ ಶುಕ್ರವಾರದೊಳಗೆ ಈ ಟಿವಿಗೆ ಜೀವ ಬರಿಸದಿದ್ದರೆ, ಇಂಡಿ ಬಸ್‌ಸ್ಟ್ಯಾಂಡಿನ ನಟ್ಟನಡುವೆ ನಿಂತು ನನ್ನ ಸೋಲ್ಡರಿಂಗ್ ಐರನ್ನನ್ನು ಎರಡು ತುಂಡು ಮಾಡುತ್ತೇನೆ!"

ಹೀಗೆಂದು ನಾನು ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ ಘೋಷಿಸಿದೆ. ಘೋಷಣೆಯನ್ನು ಕೇಳಲು ಮನೆಯಲ್ಲಿದ್ದವರು ಒಟ್ಟು ಇಬ್ಬರು: ನಾನು ಮತ್ತು ಟಿವಿ. ಟಿವಿ ಸತ್ತು ನಾಲ್ಕು ವರ್ಷವಾಗಿತ್ತು. ಆದರೂ ನಾನು ಭಾಷಣದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಕೈ ಎತ್ತಿಯೇ ಹೇಳಿದೆ.

ನನ್ನ ಹೆಸರು ಮಶಾಕಸಾಬ. ವಯಸ್ಸು ಅರವತ್ತೆಂಟು, ಹಲ್ಲುಗಳ ಸಂಖ್ಯೆ ಕೇಳಬೇಡಿ. ಇಂಡಿಯಲ್ಲಿ ಮೂವತ್ತೈದು ವರ್ಷ ಟಿವಿ ರಿಪೇರಿ ಅಂಗಡಿ ನಡೆಸಿದವನು. ಆ ದಿನಗಳಲ್ಲಿ ಈ ತಾಲೂಕಿನ ಯಾವ ಟಿವಿಯೂ ನನ್ನನ್ನು ಕೇಳದೆ ಕೆಡುತ್ತಿರಲಿಲ್ಲ. ದೇವಣಗಾಂವದ ಗೌಡರೊಬ್ಬರು ತಮ್ಮ ಟಿವಿಯನ್ನು ಕೌದಿಯಲ್ಲಿ ಸುತ್ತಿ, ದಿನ ತುಂಬಿದ ಸೊಸೆಯನ್ನು ದವಾಖಾನೆಗೆ ಕರೆತರುವಷ್ಟು ನಾಜೂಕಾಗಿ ಜೀಪಿನಲ್ಲಿ ಕರೆತರುತ್ತಿದ್ದರು. ನಾನು ಹಿಂದಿನ ಮುಚ್ಚಳಕ್ಕೆ ಕೈ ಹಾಕಿದರೆ ಸಾಕು, ಅರ್ಧ ರೋಗ ಹೆದರಿಯೇ ಓಡುತ್ತಿತ್ತು! ಸಾಲೋಟಗಿಯ ಶಾಸನದ ಕಲ್ಲಿಗೆ ಎರಡು ತಂತಿ ಹಚ್ಚಲು ನನ್ನನ್ನು ಬಿಟ್ಟಿದ್ದರೆ, ಅದು ಸಾವಿರ ವರ್ಷದ ಹಿಂದಿನ ವಾರ್ತೆಯನ್ನು ಓದಿ ಹೇಳುತ್ತಿತ್ತು. ಇದಕ್ಕೆ ಸಾಕ್ಷಿ ಬೇಕೆಂದರೆ ನಾನೇ ಇದ್ದೇನೆ.

ಆಮೇಲೆ ಕ್ಯಾಲೆಂಡರಿನಂತೆ ಗೋಡೆಗೆ ಜೋತುಬೀಳುವ ಟಿವಿಗಳು ಬಂದವು. ಅವು ಕೆಟ್ಟರೆ ಇಡೀ ಬೋರ್ಡನ್ನೇ ಕಿತ್ತು ಹೊಸದು ಕೂರಿಸುತ್ತಾರೆ. ತಲೆನೋವು ಎಂದು ಬಂದವನಿಗೆ ತಲೆಯನ್ನೇ ಬದಲಿಸಿದಂತೆ! ನಾನು ಅಂಗಡಿಗೆ ಬೀಗ ಹಾಕಿ, ಉಳಿದ ಬೋರ್ಡು, ತಂತಿ, ಡಬ್ಬಿಗಳನ್ನೆಲ್ಲ ಮನೆಗೆ ಹೊತ್ತು ತಂದೆ. ನಮ್ಮ ಮನೆಯಲ್ಲಿ ಯಾವ ಡಬ್ಬಿ ತೆರೆದರೂ ಒಂದು ರೆಸಿಸ್ಟರ್ ಸಿಗುತ್ತದೆ ಎಂದು ನನ್ನ ಹೆಂಡತಿ ಅಬಿದಾ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇದು ಅನ್ಯಾಯದ ಮಾತು. ಸಿಕ್ಕಿದ್ದು ಒಂದೇ ಸಲ. ಅದೂ ಉಪ್ಪಿನ ಡಬ್ಬಿಯಲ್ಲಿ.

ಈ ಅಬಿದಾ ಮಗಳು ಅಲ್ಮಾಸಳ ಬಾಣಂತನಕ್ಕೆಂದು ಬಸವನ ಬಾಗೇವಾಡಿಗೆ ಹೋಗಿದ್ದಳು. ನಲವತ್ತು ದಿನಕ್ಕೆಂದು ಹೋದವಳು. ನಾನು ಘೋಷಣೆ ಮಾಡಿದ ಬೆಳಿಗ್ಗೆಗೆ ಎಪ್ಪತ್ತೆರಡನೆಯ ದಿನ. ನಾನೇನೂ ಎಣಿಸುತ್ತಿರಲಿಲ್ಲ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಪೆನ್ಸಿಲ್ ಗೆರೆ ತಾನಾಗಿಯೇ ಬೀಳುತ್ತಿತ್ತು.

ದಿನಾ ಸಂಜೆ ಅವಳ ಫೋನು ಬರುತ್ತಿತ್ತು.

"ಹೆಂಗ ಅದೀರಿ?"

"ಹೆಂಗ ಅಂದ್ರ? ಬಾದಷಾ ಅದೀನಿ, ಬಾದಷಾ! ಬೈಯಾವ್ರಿಲ್ಲ, ಕೇಳಾವ್ರಿಲ್ಲ!"

"ಊಟ ಏನ್ ಮಾಡಿದ್ರಿ?"

"ಮುಂಜಾನಿ ಶಿರಾ, ಮಧ್ಯಾಹ್ನ ಬಿರ್ಯಾನಿ. ಸಂಜಿಗೆ ಏನ್ ಮಾಡ್ಲಿ ಅಂತ ಅಡಗೀಯಾವ ಕೇಳಾಕತ್ತಾನ, ಬಾಗಲದಾಗ ನಿಂದ್ರಿಸೀನಿ."

"ಹಂಗಾರ ಭಾಳ ಚಲೋ ಆತ್ ಬಿಡ್ರಿ."

ಫೋನು ಇಟ್ಟ ಮೇಲೆ ಬಾದಷಾಹರು ಖಾನಾವಳಿಯಿಂದ ಕಟ್ಟಿಸಿ ತಂದ ಎರಡು ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಒಬ್ಬರೇ ಅಗಿಯುತ್ತಿದ್ದರು. ಆ ಅಗಿಯುವ ಸದ್ದು ಎಷ್ಟು ದೊಡ್ಡದೆಂದರೆ, ಒಮ್ಮೊಮ್ಮೆ ಯಾರೋ ಬಂದರೆಂದು ಬಾಗಿಲ ಕಡೆ ನೋಡುತ್ತಿದ್ದರು. ಎರಡು ಲೋಟ ಚಹಾ ಮಾಡಿ, ಒಂದನ್ನು ತಣ್ಣಗಾಗಲು ಬಿಟ್ಟು, ಆಮೇಲೆ ಅದನ್ನೂ ತಾವೇ ಕುಡಿಯುತ್ತಿದ್ದರು. ಬಾದಷಾಹರ ಈ ಖಾಸಗಿ ಸಂಗತಿಗಳನ್ನು ಫೋನಿನಲ್ಲಿ ಹೇಳುವ ಪದ್ಧತಿ ಇರಲಿಲ್ಲ.

ಮಂಗಳವಾರ ಸಂಜೆ ನಾನು ಬಹಳ ಚಾಣಾಕ್ಷತನದಿಂದ, ಸುತ್ತಿ ಬಳಸಿ ಕೇಳಿದೆ: "ಅಲ್ಲ, ನಿನಗ ಅಲ್ಲಿ ಬ್ಯಾಸರ ಆಗೂದಿಲ್ಲೇನು?"

"ನನಗ್ಯಾಕ ಬ್ಯಾಸರ? ಕೂಸು ಐತಿ, ಗೋಡಿ ತುಂಬ ಟಿವಿ ಐತಿ. ನಮ್ಮ ಮನ್ಯಾಗ ಏನೈತಿ? ನಾಕ್ ವರ್ಷದಿಂದ ಹೊಟ್ಟಿ ಬಿಚ್ಕೊಂಡ್ ಬಿದ್ದ ಡಬ್ಬಿ ಐತಿ. ಮೊದ್ಲ ಅದನ್ ಹಚ್ಚಿ ತೋರ್ಸ್ರಿ, ಆಮ್ಯಾಲ ಬರ್ತೇನಿ. ಹೆಂಗೂ ಶುಕ್ರವಾರ ನಿಯಾಜ ಇಂಡಿಗೆ ಬರಾವ ಅದಾನ, ಗಾಡಿ ಐತಿ."

ನಿಯಾಜ ನಮ್ಮ ಅಳಿಯ. ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ನೌಕರಿ. ಈ ಮಾತು ಹೇಳುವಾಗ ಅಬಿದಾ ನಗುತ್ತಿದ್ದಳು. ನಾನು ನಗಲಿಲ್ಲ. ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಟ್ಟ ಕರಾರಿನಂತೆ ಎದೆಗಪ್ಪಿಕೊಂಡೆ. ಟಿವಿ ಹತ್ತಿದರೆ ಶುಕ್ರವಾರ ಹೆಂಡತಿ. ಹತ್ತದಿದ್ದರೆ ಪೆನ್ಸಿಲ್ ಗೆರೆ. ಘೋಷಣೆಯ ಹಿಂದಿನ ಇತಿಹಾಸ ಇಷ್ಟು.

ಈಗ ಓದುಗರಿಗೆ ನನ್ನ ವಿದ್ಯೆಯ ಬಗ್ಗೆ ಎರಡು ಮಾತು ಹೇಳಬೇಕು. ಹಳೆಯ ಟಿವಿಯ ಬೋರ್ಡನ್ನು ಪೆಟ್ಟಿಗೆಯಿಂದ ಹೊರತೆಗೆದು, ಹೊರಗೇ ಕರೆಂಟು ಕೊಟ್ಟು ಪರೀಕ್ಷಿಸುವುದೆಂದರೆ ಹುಲಿಯನ್ನು ಪಂಜರದಿಂದ ಹೊರಗೆ ಕರೆದು ಹಲ್ಲು ಎಣಿಸಿದಂತೆ. ಅದಕ್ಕೆ ಕ್ರಮವುಂಟು. ಕೆಳಗೆ ಒಣಗಿದ ಕಟ್ಟಿಗೆಯ ಹಲಗೆ. ಕಾಲಲ್ಲಿ ರಬ್ಬರಿನ ಚಪ್ಪಲಿ. ಕೈಗೆ ಉಂಗುರ, ಗಡಿಯಾರ ಕೂಡದು. ಎಲ್ಲಕ್ಕಿಂತ ಮುಖ್ಯ, ಸೀರೀಸ್ ಬಲ್ಬು. ಅಂದರೆ, ಬೋರ್ಡಿಗೆ ಹೋಗುವ ಕರೆಂಟು ಮೊದಲು ನೂರು ವ್ಯಾಟಿನ ಹಳದಿ ಬಲ್ಬಿನೊಳಗೆ ಹಾಯ್ದು ಹೋಗಬೇಕು. ಬೋರ್ಡಿನಲ್ಲಿ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿಯುತ್ತದೆ, ಬೋರ್ಡು ಸುಡದೆ ಉಳಿಯುತ್ತದೆ. ಶಾರ್ಟ್ ಹೋಗಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ದೀಪ ಉರಿದರೆ ದುಃಖ, ಮಂಕಾದರೆ ಸುಖ; ಈ ಉಲ್ಟಾ ಸಂಸಾರ ನಮ್ಮ ಕಸುಬಿನಲ್ಲಿ ಮಾತ್ರ!

ಕಡೆಯ ನಿಯಮ ನಮ್ಮ ಅಂಗಡಿಯದ್ದೇ. ಒಬ್ಬರೇ ಬೋರ್ಡಿಗೆ ಕರೆಂಟು ಕೊಡಬಾರದು. ನಾನು ಬೋರ್ಡಿನ ಮುಂದೆ, ಅಬಿದಾ ಸ್ವಿಚ್ಚಿನ ಹತ್ತಿರ. ನಾನು "ಕೊಡು" ಎಂದರೆ ಅವಳು ಕೊಡುತ್ತಿರಲಿಲ್ಲ. "ಕೈ ತೋರ್ಸ್ರಿ!" ಎನ್ನುತ್ತಿದ್ದಳು. ನಾನು ಎಡಗೈ ಎತ್ತಿ ತೋರಿಸಿ, ಅದನ್ನು ಬೆನ್ನಹಿಂದೆ ಇಟ್ಟುಕೊಂಡ ಮೇಲೆಯೇ ಸ್ವಿಚ್ಚು. ಎರಡೂ ಕೈ ಬೋರ್ಡಿನಲ್ಲಿದ್ದರೆ ಕರೆಂಟು ಒಂದು ಕೈಯಿಂದ ಹತ್ತಿ, ಎದೆಯ ಮೇಲೆ ಹಾಯ್ದು, ಇನ್ನೊಂದರಿಂದ ಇಳಿಯುತ್ತದೆ. ಒಂದೇ ಕೈಯಿದ್ದರೆ ಎದೆಗೆ ಅಪಾಯ ಕಡಿಮೆ. ಮೂವತ್ತೈದು ವರ್ಷ ದಿನಕ್ಕೆ ಹತ್ತು ಸಲ ನಾನು ಆ ಹೆಣ್ಣುಮಗಳಿಗೆ ಕೈ ತೋರಿಸಿದ್ದೇನೆ. ಅಷ್ಟು ಸಲ ಜ್ಯೋತಿಷಿಗೆ ತೋರಿಸಿದ್ದರೆ ಅವನೇ ಓಡಿಹೋಗುತ್ತಿದ್ದ.

ಸರಿ, ಕೆಲಸಕ್ಕೆ ಇಳಿದೆ. ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿದೆ. ಮನೆಯಲ್ಲಿ ನೂರು ವ್ಯಾಟಿನ ಹಳದಿ ಬಲ್ಬು ಇರಲಿಲ್ಲ! ಅಂಗಡಿಯ ಕಡೆಯ ಬಲ್ಬನ್ನು ನಾನೇ ಬಚ್ಚಲಿಗೆ ಹಾಕಿ, ತಲೆಗೆ ನೀರು ಸುರಿದುಕೊಳ್ಳುವ ಉತ್ಸಾಹದಲ್ಲಿ ಅದಕ್ಕೂ ಸುರಿದು ಒಡೆದಿದ್ದೆ. ಬಾಬುಲಾಲನ ಇಲೆಕ್ಟ್ರಿಕ್ ಅಂಗಡಿಗೆ ಓಡಿದೆ.

"ನೂರ್ ವ್ಯಾಟಿನ ಹಳದಿ ಬಲ್ಬ್ ಕೊಡೋ ಬಾಬುಲಾಲ."

ಅವನು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. "ಕಾಕಾ, ಅವು ಹೋಗಿ ಯಾವ ಕಾಲ ಆತು! ಎಲ್‌ಇಡಿ ಒಯ್ರಿ. ಹತ್ ವರ್ಷ ಏನೂ ಆಗೂದಿಲ್ಲ."

"ಬಲ್ಬಿಗೆ ಹತ್ ವರ್ಷ ಐತಿ ಖರೆ. ನನಗ ಶುಕ್ರವಾರತನಕ ಅಷ್ಟ ಐತಲ್ಲೋ!"

ಅವನಿಗೆ ಏನೂ ಅರ್ಥವಾಗಲಿಲ್ಲ. ಎಲ್‌ಇಡಿಯನ್ನೇ ತಂದು ಹಚ್ಚಿ ನೋಡಿದೆ. ಅದು ಉರಿಯಲೂ ಇಲ್ಲ, ಮಂಕಾಗಲೂ ಇಲ್ಲ. ಸಂತೆಯಲ್ಲಿ ನಿಂತ ಪುಂಡನಂತೆ ನನಗೆ ಕಣ್ಣು ಹೊಡೆಯತೊಡಗಿತು. ಆರಿಸಿದೆ.

ಇಡೀ ಇಂಡಿಯಲ್ಲಿ ನೂರು ವ್ಯಾಟಿನ ಹಳದಿ ಬಲ್ಬು ಎಲ್ಲಿ ಉರಿಯುತ್ತಿದೆ ಎಂದು ಹುಡುಕುತ್ತ ಮಧ್ಯಾಹ್ನದವರೆಗೆ ಅಲೆದೆ. ಸುಸ್ತಾಗಿ ಮನೆಗೆ ಬಂದರೆ, ಬಗಲಿನ ಮನೆಯ ಪಡಸಾಲೆಯಲ್ಲೇ ಉರಿಯುತ್ತಿತ್ತು! ನೆರೆಮನೆಯ ರೇಣುಕಾಳ ಕೋಳಿಯನ್ನು ನಾಯಿ ಒಯ್ದಿತ್ತು. ಹನ್ನೊಂದು ಮರಿಗಳು ಅನಾಥ. ಡಿಸೆಂಬರಿನ ಚಳಿ. ಅವಳು ಒಂದು ಬಿದಿರು ಬುಟ್ಟಿಯ ಮೇಲೆ ಆ ಬಲ್ಬನ್ನು ಇಳಿಬಿಟ್ಟಿದ್ದಳು. ಮರಿಗಳೆಲ್ಲ ಅದರ ಕೆಳಗೆ ಒತ್ತಿಕೊಂಡು, ಅದೇ ತಾಯಿ ಎಂದು ತಿಳಿದು ಸುಖವಾಗಿದ್ದವು.

"ಯವ್ವಾ ರೇಣುಕಾ, ನಾಳೆ ಒಂದ್ ತಾಸು ಈ ಬಲ್ಬ್ ಕೊಡ್ತೀ ಏನು?"

"ಅಯ್ಯ ಕಾಕಾ, ನನ್ನ ಮರಿ ಸೆಟದ ಸಾಯ್ತಾವ್ರಿ!"

"ಒಂದs ತಾಸು. ನಿಮ್ಮ ಕಾಕು ಬರೂದು ಐತಿ."

"ಕಾಕು ಬರಾಕ ಬಲ್ಬ್ ಯಾಕ್ ಬೇಕ್ರಿ? ಬಸ್ ಅದಾವಲ್ಲ."

ಕರಾರಿನ ಸಂಗತಿ ಹೇಳಿದೆ. ಅವಳಿಗೆ ಕನಿಕರ ಬಂತೋ ನಗು ಬಂತೋ ತಿಳಿಯಲಿಲ್ಲ. ಕಡೆಗೆ ಒಂದು ಷರತ್ತು ಹಾಕಿದಳು: "ಬಲ್ಬ್ ಎಲ್ಲಿ ಹೊಕ್ಕೈತಿ, ಮರೀನೂ ಅಲ್ಲೇ ಹೊಕ್ಕಾವು."

ಹೀಗಾಗಿ ಗುರುವಾರ ಬೆಳಿಗ್ಗೆ ನನ್ನ ಪ್ರಯೋಗಶಾಲೆಗೆ ಹನ್ನೊಂದು ಮರಿಗಳು ಬುಟ್ಟಿಯ ಸಮೇತ ಬಿಜಯಂಗೈದವು. ಸ್ಥಳ: ನಮ್ಮ ಅಡುಗೆಮನೆ. ಹಲಗೆಯ ಮೇಲೆ ಬೋರ್ಡು, ಬೋರ್ಡಿನ ಬಗಲಿಗೆ ಬುಟ್ಟಿ, ಬುಟ್ಟಿಯ ಮೇಲೆ ಸೀರೀಸ್ ಬಲ್ಬು. ರೇಣುಕಾ ಹೊಸ್ತಿಲ ಹೊರಗೆ ಕುಳಿತಳು.

"ಸ್ವಿಚ್ ಹತ್ರ ನಿಂದ್ರವ್ವ," ಎಂದೆ.

"ನಾ ಒಲ್ರಿ ಕಾಕಾ. ಕರೆಂಟಿನ ಸುದ್ದಿ ನನಗ್ ಬ್ಯಾಡ. ನಾ ಮರಿ ಅಷ್ಟ ನೋಡಾಕ ಬಂದೀನಿ."

ಏನು ಮಾಡುವುದು? ಸ್ವಿಚ್ಚಿನ ಹತ್ತಿರ ನಾನೇ ನಿಂತು, "ಕೈ ತೋರ್ಸ್ರಿ" ಎಂದು ನಾನೇ ಹೇಳಿ, ನನಗೆ ನಾನೇ ಎಡಗೈ ಎತ್ತಿ ತೋರಿಸಿದೆ. ಆ ಮಾತು ನನ್ನ ಗಂಟಲಿನಿಂದ ಹೊರಬಂದಾಗ ಯಾಕೋ ಸ್ವಲ್ಪ ಹೊತ್ತು ಸ್ವಿಚ್ಚು ಒತ್ತಲು ಆಗಲಿಲ್ಲ. ಸೋಲ್ಡರಿಂಗ್ ಹೊಗೆ ಕಣ್ಣಿಗೆ ಹೋಗಿರಬೇಕು. ಐರನ್ ಇನ್ನೂ ಕಾದಿರಲಿಲ್ಲ ಎಂಬುದು ಬೇರೆ ಮಾತು.

ಒತ್ತಿದೆ. ಬಲ್ಬು ಧಗ್ಗನೆ ಉರಿಯಿತು. ಬೋರ್ಡಿನಲ್ಲಿ ಶಾರ್ಟ್! ನನ್ನ ಮುಖ ಬಾಡಿತು. ಮರಿಗಳು ಆನಂದದಿಂದ ರೆಕ್ಕೆ ಅಗಲಿಸಿದವು.

"ಹಾಂ, ಹಿಂಗ ಇರ್ಲಿ ಕಾಕಾ! ನಮ್ಮನಿಗಿಂತ ಇಲ್ಲೇ ಚಲೋ ಕಾವು!" ಎಂದಳು ರೇಣುಕಾ.

ಸ್ವಿಚ್ಚು ತೆಗೆದೆ. ಒಂದೊಂದೇ ಭಾಗ ಮೀಟರಿನಿಂದ ಮುಟ್ಟುತ್ತ ಹೋಗಿ ಕಳ್ಳನನ್ನು ಹಿಡಿದೆ: ಕರೆಂಟು ಒಳಗೆ ಬರುವ ಬಾಗಿಲಲ್ಲೇ ಕುಳಿತಿದ್ದ ಒಂದು ಟ್ರಾನ್ಸಿಸ್ಟರ್ ಸುಟ್ಟಿತ್ತು. ಅರವತ್ತೆಂಟರ ಕೈ, ಆದರೂ ನಡುಗದೆ ಬದಲಿಸಿದೆ. ಮತ್ತೆ ಎಡಗೈ ಎತ್ತಿ ನನಗೆ ತೋರಿಸಿಕೊಂಡೆ. ಮತ್ತೆ ಸ್ವಿಚ್ಚು. ಬಲ್ಬು ಒಮ್ಮೆ ಮಿಂಚಿ, ಮೆಲ್ಲಗೆ ಮಂಕಾಯಿತು.

"ಶಾಬಾಸ್!" ಎಂದು ನಾನು ಕುಣಿದೆ.

"ಚಿಂವ್ ಚಿಂವ್ ಚಿಂವ್!" ಎಂದು ಹನ್ನೊಂದು ಗಂಟಲುಗಳು ಬೊಬ್ಬೆ ಹಾಕಿದವು.

"ಅಯ್ಯೋ ಕಾಕಾ, ಏನ್ ಮಾಡಿದ್ರಿ! ಕಾವು ಹೋತು! ಮತ್ತ ಕೆಡಸ್ರಿ, ಮೊದ್ಲಿನಂಗ ಕೆಡಸ್ರಿ!"

ನನ್ನ ವೃತ್ತಿಜೀವನದಲ್ಲಿ ರಿಪೇರಿಯಾದ ಬೋರ್ಡನ್ನು ಕೆಡಿಸಿ ಕೊಡಿ ಎಂದು ಕೇಳಿದ ಗಿರಾಕಿ ಅವಳೊಬ್ಬಳೇ.

ಆದರೆ ಬೋರ್ಡು ಇನ್ನೂ ಎದ್ದಿರಲಿಲ್ಲ. ಟಿವಿಯ ಬದಲು ಕರೆಂಟು ಉಣ್ಣಲೆಂದು ಅದರ ಇನ್ನೊಂದು ತುದಿಗೆ ಒಂದು ಝೀರೋ ಬಲ್ಬು ಹಚ್ಚಿದ್ದೆ. ಅದು ಹತ್ತಿರಲಿಲ್ಲ. ಶಾರ್ಟ್ ಹೋಗಿದೆ, ಕರೆಂಟು ಒಳಗೆ ಬಂದಿದೆ, ಆದರೆ ಮುಂದೆ ಹೋಗುತ್ತಿಲ್ಲ. ಯಾಕೆ? ತಲೆ ಕೆರೆದುಕೊಂಡು ಯೋಚಿಸುತ್ತಿರುವಾಗಲೇ ಒಂದು ಧೀರ ಮರಿ, ಕಾವು ಹುಡುಕುತ್ತ, ಬುಟ್ಟಿ ಹಾರಿ, ಬೆಸುಗೆಯಿಂದ ಇನ್ನೂ ಬಿಸಿಯಿದ್ದ ಟ್ರಾನ್ಸಿಸ್ಟರಿನ ತಗಡಿನ ಕಡೆಗೆ ಹೊರಟಿತು!

"ನನ್ನ ಮರೀ!" ಎಂದು ರೇಣುಕಾ ಕೂಗಿದಳು.

ನಾನು ಸ್ವಿಚ್ಚು ತೆಗೆದೆ. ನೋಡಿ, ತೆಗೆದೆ! ಇದನ್ನು ಯಾರು ಬೇಕಾದರೂ ಕೇಳಿ. ಪ್ಲಗ್ಗನ್ನೂ ಕಿತ್ತೆ. ಆಮೇಲೆ, ಮರಿಯನ್ನು ಜಾರಿಸಿ ಇಳಿಸೋಣವೆಂದು, ಬೋರ್ಡನ್ನು ಎರಡೂ ಕೈಯಿಂದ ಅಡಿಯಲ್ಲಿ ಹಿಡಿದು ಎತ್ತಿದೆ.

ಆಲಮಟ್ಟಿ ಡ್ಯಾಮಿನ ಎಲ್ಲ ಗೇಟುಗಳನ್ನೂ ಒಟ್ಟಿಗೆ ತೆರೆದು, ಆ ನೀರನ್ನೆಲ್ಲ ನನ್ನ ಮೊಣಕೈಯಲ್ಲಿ ಬಿಟ್ಟಂತಾಯಿತು!

ಹಾರಿದೆ. ಎಷ್ಟು ಎತ್ತರ ಹಾರಿದೆನೆಂದರೆ ಮೇಲಿನಿಂದ ಸಿಂದಗಿಯ ಬಸ್ಸುಗಳು ಕಂಡವು. ಇಳಿದದ್ದು ಜೋಳದ ಹಿಟ್ಟಿನ ಡಬ್ಬಿಯ ಮೇಲೆ. ಡಬ್ಬಿ ಒರಗಿತು, ಮುಚ್ಚಳ ಹಾರಿತು, ಎಪ್ಪತ್ಮೂರು ದಿನದಿಂದ ಯಾರೂ ರೊಟ್ಟಿ ಬಡಿಯದೆ ಉಳಿದಿದ್ದ ಹಿಟ್ಟೆಲ್ಲ ನನ್ನ ತಲೆಯಿಂದ ಕಾಲಿನವರೆಗೆ ಸುರಿಯಿತು. ಬುಟ್ಟಿ ಮಗುಚಿತು. ಧೀರ ಮರಿಗೆ ಏನೂ ಆಗಿರಲಿಲ್ಲ. ಅದು ಮತ್ತು ಅದರ ಹತ್ತು ಮಂದಿ ಅಣ್ಣತಮ್ಮಂದಿರು ನನ್ನ ಮೇಲೆ ಹತ್ತಿ, ಹುಬ್ಬಿನಿಂದ ಹಿಟ್ಟು ಹೆಕ್ಕತೊಡಗಿದವು.

ಕರೆಂಟು ಎಲ್ಲಿಂದ ಬಂತು? ಬೋರ್ಡಿನ ಮೇಲೆ ಒಂದು ದೊಡ್ಡ ಕಂಡೆನ್ಸರ್ ಇರುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದು ಕರೆಂಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಏನೂ ಅರಿಯದವರಂತೆ ಕುಳಿತಿರುತ್ತದೆ. ಬೋರ್ಡು ನಡೆದರೆ ಅದು ತಾನಾಗಿ ಖರ್ಚಾಗುತ್ತದೆ. ನಡೆಯದಿದ್ದರೆ ಹಾಗೇ ಇರುತ್ತದೆ. ಅದರ ಎರಡು ಕಾಲಿಗೆ ಒಂದು ಬಲ್ಬಿನ ತಂತಿ ಮುಟ್ಟಿಸಿ ಖಾಲಿ ಮಾಡದೆ ಬೋರ್ಡಿಗೆ ಕೈ ಹಾಕಬಾರದು. ಇದು ನಮ್ಮ ಕಸುಬಿನ ಅ ಆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮೂವತ್ತೈದು ವರ್ಷದಲ್ಲಿ ಆ ಕೆಲಸ ನಾನು ಒಂದು ಸಲವೂ ಮಾಡಿರಲಿಲ್ಲ! ಸ್ವಿಚ್ಚು ತೆಗೆದೊಡನೆ ಬಲ್ಬಿನ ತಂತಿ ಮುಟ್ಟಿಸಿ "ಆತು" ಎನ್ನುವುದು ಅಬಿದಾಳ ಕೆಲಸ. "ಆತು" ಎಂದ ಮೇಲೆ ನಾನು ಕೈ ಹಾಕುವುದು. ಎಷ್ಟು ರೂಢಿಯೆಂದರೆ ಅದೊಂದು ಕೆಲಸವೆಂದೇ ನನಗೆ ಅನ್ನಿಸಿರಲಿಲ್ಲ. ಸ್ವಿಚ್ಚು ತೆಗೆದರೆ ಕರೆಂಟು ತಾನಾಗಿ ಹೋಗುತ್ತದೆ ಎಂದು ಕೈ ನಂಬಿಕೊಂಡಿತ್ತು. ಹಿಟ್ಟಿನಲ್ಲಿ ಮಲಗಿ, ಎದೆಯ ಮೇಲೆ ಮೂರು ಮರಿ ಹೊತ್ತು, ಮಹಾ ಮೆಕ್ಯಾನಿಕ್ ಮಶಾಕಸಾಬನಿಗೆ ಆಗ ತಿಳಿಯಿತು: ನನಗೆ ಗೊತ್ತಿದ್ದದ್ದು ಅರ್ಧ ವಿದ್ಯೆ. ಉಳಿದರ್ಧ ಬಸವನ ಬಾಗೇವಾಡಿಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದೆ.

ಅಷ್ಟರಲ್ಲಿ ರೇಣುಕಾಳ ಕೈ ಫೋನಿಗೆ ಹೋಗಿತ್ತು. ಹೆಣ್ಣುಮಗಳು ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿದಳು: "ಅಲ್ಮಾಸಕ್ಕಾ, ಲಗೂ ಬರ್ರಿ! ಕಾಕಾಗ ಕರೆಂಟ್ ಹೊಡದೈತಿ! ನೆಲದ ಮ್ಯಾಲ ಬಿದ್ದಾನ, ಬೆಳ್ಳಗ ಆಗ್ಯಾನ, ಮರಿ ಕುಕ್ಕಾಕತ್ತಾವ!"

"ಹಿಟ್ಟು ಅಂತ ಹೇಳs, ಹಿಟ್ಟು!" ಎಂದು ನಾನು ನೆಲದಿಂದ ಕೂಗುವಷ್ಟರಲ್ಲಿ ಫೋನು ಆರಿತು. ಚಾರ್ಜು ಮುಗಿದಿತ್ತು. ನನ್ನ ಫೋನು ಹಿಟ್ಟಿನ ಕೆಳಗೆ ಎಲ್ಲೋ ಹೂತಿತ್ತು.

ಶುಕ್ರವಾರದ ಗಾಡಿ ಗುರುವಾರವೇ ಬಂತು. ಎರಡು ತಾಸಿನಲ್ಲಿ! ಬಾಗಿಲಲ್ಲಿ ಅಬಿದಾ. ತಲೆಯ ಸೆರಗು ಹೆಗಲಿಗೆ ಬಿದ್ದಿತ್ತು, ಕಾಲಲ್ಲಿ ಒಂದು ತನ್ನ ಚಪ್ಪಲಿ, ಒಂದು ಮಗಳದ್ದು, ಕೈಯಲ್ಲಿ ಕೂಸಿನ ತಲೆಗೆ ಹಾಕುವ ಕುಲಾಯಿ. ಅದನ್ನು ಹಿಡಿದುಕೊಂಡೇ ಅಷ್ಟು ದೂರ ಬಂದಿದ್ದಳು. ಹಿಂದೆ ನಿಯಾಜ. ನಾನು ಅಷ್ಟೊತ್ತಿಗೆ ಕೂತಿದ್ದೆ. ಮುಖ ತೊಳೆದಿದ್ದೆ, ಕೂದಲಲ್ಲಿ ಹಿಟ್ಟು ಇತ್ತು.

ಅವಳು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.  ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದಳು. ಹತ್ತೂ ಇದ್ದವು.

"ಕಂಡೆನ್ಸರ್ ಖಾಲಿ ಮಾಡಿದ್ರೇನು?" ಎಂದಳು.

"ಅದು ನಿನ್ನ ಕೆಲಸ."

"ನಾ ಬಾಗೇವಾಡ್ಯಾಗ ಇದ್ನಿ."

"ಅದಕ್ಕs ಹೊಡೀತು."

ನಿಯಾಜ ಬಾಯಿ ಮುಚ್ಚಿಕೊಂಡು ಹೊರಗೆ ಹೋದ. ಅಬಿದಾ ಕುಲಾಯಿಯನ್ನು ಗೂಟಕ್ಕೆ ಹಾಕಿ, ರಬ್ಬರಿನ ಚಪ್ಪಲಿ ಹುಡುಕಿ ಮೆಟ್ಟಿ, ಬಲ್ಬಿನ ತಂತಿ ತೆಗೆದುಕೊಂಡು ಕಂಡೆನ್ಸರಿಗೆ ಮುಟ್ಟಿಸಿದಳು. ಏನೂ ಹತ್ತಲಿಲ್ಲ. "ಎಲ್ಲಾ ನಿಮ್ಮ ಮೈಯಾಗ ಹೋಗೇತಿ," ಎಂದಳು. ಆಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ಬೋರ್ಡನ್ನು ಒಂದೇ ನಿಮಿಷ ನೋಡಿದಳು.

"ಸ್ಟಾರ್ಟಿಂಗ್ ರೆಸಿಸ್ಟರ್ ನೋಡೀರೇನು?"

ನೋಡಿರಲಿಲ್ಲ. ಬೋರ್ಡನ್ನು ಮೊದಲು ತಟ್ಟಿ ಎಬ್ಬಿಸುವ ಆ ಸಣ್ಣ ರೆಸಿಸ್ಟರ್ ಒಳಗೇ ಕಡಿದಿತ್ತು. ಅವಳು ಮೀಟರ್ ಮುಟ್ಟಿಸಿದಾಗ ಮುಳ್ಳು ಅಲುಗಲೇ ಇಲ್ಲ. ಬದಲಿಸಲು ಇನ್ನೊಂದು ಹುಡುಕಿದೆವು. ನನ್ನ ಮೂವತ್ತು ಡಬ್ಬಿಗಳಲ್ಲಿ ಸಿಗಲಿಲ್ಲ. ಅವಳ ಜೀರಿಗೆ ಡಬ್ಬಿಯಲ್ಲಿ ಸಿಕ್ಕಿತು! ಅವಳು ಆ ಡಬ್ಬಿಯನ್ನು ನನ್ನ ಮೂಗಿನ ಹತ್ತಿರ ಹಿಡಿದು ಅಲುಗಿಸಿದಳು. 

ನಾನು ಬೋರ್ಡಿನ ಮುಂದೆ ಕೂತೆ. ಅವಳು ಸ್ವಿಚ್ಚಿನ ಹತ್ತಿರ ಹೋಗಿ ನಿಂತಳು.

"ಕೈ ತೋರ್ಸ್ರಿ."

ತೋರಿಸಿದೆ. ಎಪ್ಪತ್ಮೂರು ದಿನದ ಮೇಲೆ, ಆ ಎಡಗೈ ಎತ್ತಿದವನಿಗೆ ಇಳಿಸಲು ಮನಸ್ಸು ಬರಲಿಲ್ಲ.

"ಸಾಕು, ಇಳಸ್ರಿ. ವೋಟಿಗೆ ನಿಂತೀರೇನು?"

ಬಲ್ಬು ಮಿಂಚಿತು, ಮಂಕಾಯಿತು. ಇನ್ನೊಂದು ತುದಿಯ ಝೀರೋ ಬಲ್ಬು ಮೆಲ್ಲಗೆ ಕಣ್ಣು ಬಿಟ್ಟಿತು. ಮರಿಗಳು ಚೀರಿದವು. ರೇಣುಕಾ "ಮುಗೀತಲ್ಲ, ಇನ್ನ ನಮ್ಮ ಬಲ್ಬ್ ಕೊಡ್ರಿ!" ಎಂದು ಬಲ್ಬು ಬಿಚ್ಚಿಕೊಂಡು, ಬುಟ್ಟಿ ಎತ್ತಿಕೊಂಡು ಹೋದಳು.

ಬೋರ್ಡನ್ನು ಪೆಟ್ಟಿಗೆಯೊಳಗೆ ಕೂರಿಸಿದೆವು. ಟಿವಿ ಹತ್ತಿತು. ಕೇಬಲ್ಲೂ ಇಲ್ಲ, ಡಿಶ್ಶೂ ಇಲ್ಲ. ಬರೀ ನೀಲಿ ಪರದೆ. ಆ ನೀಲಿಯನ್ನೇ ನೋಡುತ್ತ ಹಾಸಿಗೆಯ ಸುರುಳಿಗೆ ಒರಗಿ ಇಬ್ಬರೂ ಕುಳಿತೆವು. ಹಿಂದೆ ಅಂಗಡಿ ಮುಚ್ಚುವ ಹೊತ್ತಿಗೆ, ಕಡೆಯ ಟಿವಿ ರಿಪೇರಿಯಾದ ಮೇಲೆ, ಹೀಗೇ ಸ್ವಲ್ಪ ಹೊತ್ತು ಕೂರುತ್ತಿದ್ದೆವು. ಗಿರಾಕಿಯ ಟಿವಿ ನಾಳೆ ಅವನ ಮನೆಗೆ ಹೋಗುತ್ತದೆ. ಇವತ್ತಿನ ಬೆಳಕು ನಮ್ಮದು. 

"ಅಲ್ರಿ," ಎಂದಳು ಅಬಿದಾ. "ನಾಕ್ ವರ್ಷ ಸುಮ್ನಿದ್ದಾವ್ರು ಈಗ್ಯಾಕ ಇದರ ಬೆನ್ನ ಹತ್ತಿದ್ರಿ?"

"ನೀನs ಅಂದಿದ್ದಿ, ಟಿವಿ ಹಚ್ಚಿ ತೋರ್ಸ್ರಿ, ಬರ್ತೇನಿ ಅಂತ."

ಅವಳು ನನ್ನ ಕಡೆ ತಿರುಗಿದಳು. "ಯಾ ಅಲ್ಲಾ! ನಾ ಚ್ಯಾಷ್ಟಿ ಮಾಡಿದ್ನಿರಿ! ನಲವತ್ತೈದ್ ವರ್ಷ ನಿಮ್ಮ ಕೂಡ ಬಾಳೇ ಮಾಡೀನಿ, ನನಗ ಒಂದ್ ಚ್ಯಾಷ್ಟಿ ಬರೂದಿಲ್ಲೇನು?"

"ಮತ್ತ ಬರ್ಲಿಲ್ಲಲ್ಲ ನೀ?"

"ದಿನಾ ಫೋನಿನಾಗ ಬಾದಷಾ ಅದೀನಿ, ಬಿರ್ಯಾನಿ ತಿಂದೀನಿ ಅಂತಿದ್ರಿ. ಇಷ್ಟ್ ಆರಾಮ ಇದ್ದಾವ್ರ ಮನಿಗೆ ಅವಸರ ಮಾಡಿ ಬಂದು ಏನ್ ಮಾಡೂದಂತ, ಕೂಸಿನ ಹತ್ರ ಇದ್ನಿ."

 ಅಷ್ಟರಲ್ಲಿ ಹೊರಗಿನಿಂದ ನಿಯಾಜ ಕರೆದ: "ಅತ್ತೀ, ಅಲ್ಮಾಸಳ ಫೋನ್ ಬಂದೈತಿ. ಕೂಸು ಹಟಾ ಹಿಡದೈತಂತ. ಸಗೀರಾಬಿ ಎಷ್ಟ್ ಎತ್ಕೊಂಡ್ರೂ ಸುಮ್ನಾಗವಲ್ದಂತ. ಹೊಂಡೋಣೇನು?"

ಸಗೀರಾಬಿ ಅವರ ಓಣಿಯ ಮುದುಕಿ. ಅಬಿದಾ ಕೂಸನ್ನು ಆ ಮುದುಕಿಯ ಕೈಗೆ ಹಾಕಿ ಬಂದಿದ್ದಳು. ಅಬಿದಾ ಎದ್ದಳು. ಗೂಟದಿಂದ ಕುಲಾಯಿ ತೆಗೆದುಕೊಂಡಳು. ಬಂದಾಗ ಚೀಲವನ್ನೂ ತಂದಿರಲಿಲ್ಲ. ಅವಳು ಮನೆಗೆ ಬಂದಿರಲಿಲ್ಲ, ನಾನು ಇದ್ದೇನೋ ಇಲ್ಲವೋ ನೋಡಲು ಬಂದಿದ್ದಳು.

ಗಾಡಿಯ ಸುತ್ತ ಓಣಿಯ ಹೆಣ್ಣುಮಕ್ಕಳು ಸೇರಿದ್ದರು, "ಬೆಳ್ಳಗಾದ" ನನ್ನನ್ನು ನೋಡಲು. ರೇಣುಕಾ ಅವರಿಗೆಲ್ಲ ನಾನು ಹಾರಿದ ಎತ್ತರ ತೋರಿಸುತ್ತಿದ್ದಳು. ನಾನು ಹೇಳುವುದಕ್ಕಿಂತಲೂ ಎರಡು ಗೇಣು ಹೆಚ್ಚು. ಅಬಿದಾ ಗಾಡಿ ಹತ್ತಿ ಕೂತಳು. ಬಾಗಿಲು ಹಾಕಿಕೊಂಡಳು.

"ಟಿವಿ ಹತ್ತೇತಲ್ಲ, ನೋಡ್ಕೊಂತ ಕುಂದರ್ರಿ. ಕೂಸಿಗೆ ಸ್ವಲ್ಪ ಆರಾಮಾಗ್ಲಿ, ನೋಡೂಣ," ಎಂದಳು.

ನೋಡೋಣ! ಎಷ್ಟು ಗೆರೆಗಳ ನೋಡೋಣ? ನಾನು ಗಾಡಿಯ ಕಿಟಕಿಗೆ ಕೈ ಹಚ್ಚಿದೆ. ಅರವತ್ತೆಂಟು ವರ್ಷದಲ್ಲಿ ಮೊದಲ ಸಲ, ಉಪ್ಪು ಖಾರ ಯಾವುದೂ ಹಚ್ಚದ ಒಂದು ಮಾತು ಬಾಯಿಗೆ ಬಂತು:

"ಅಬಿದಾ, ನೀ ಇಲ್ಲದ ಮನ್ಯಾಗ ನನಗ ಇರಾಕ ಆಗವಲ್ದು. ಹೋಗಬ್ಯಾಡ."

 ರೇಣುಕಾ ಘೊಳ್ ಎಂದು ನಕ್ಕಳು. ಅವಳ ಹಿಂದೆ ಎಲ್ಲರೂ ನಕ್ಕರು. ನಿಯಾಜ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಅಬಿದಾ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಕರೆಂಟ್ ಹೊಡದ್ರೂ ಈ ಮನಶ್ಯಾಂದು ಚ್ಯಾಷ್ಟಿ ಹೋಗವಲ್ದು ನೋಡ್ರಿ! ನಡಿಯೋ ನಿಯಾಜ!"

ಗಾಡಿ ಹೋಯಿತು. ಜೀವಮಾನವಿಡೀ ಸುಳ್ಳು ಹೇಳಿ ಓಣಿಯನ್ನು ನಗಿಸಿದವನು ನಾನು. ಅಷ್ಟು ದೊಡ್ಡ ನಗು ಯಾವತ್ತೂ ಬಿದ್ದಿರಲಿಲ್ಲ. ರೂಢಿಯಂತೆ ನಾನೂ ನಕ್ಕೆ. ಒಳಗೆ ಬಂದು ನೀಲಿ ಪರದೆಯನ್ನು ಆರಿಸಿದೆ. ಪೊರಕೆ ತೆಗೆದುಕೊಂಡು ಹಿಟ್ಟು ಬಳಿಯುತ್ತ ಕುಳಿತೆ.

ಹೊತ್ತು ಮುಳುಗುವಾಗ ಫೋನು ಬಂತು.

"ಸಿಂದಗಿ ದಾಟೀವ್ರಿ," ಎಂದಳು.  ಆಮೇಲೆ ದನಿ ತಗ್ಗಿಸಿ, "ಏನ್ರಿ... ಗಾಡಿ ಹೊಂಟಾಗ ಅಂದ್ರಲ್ಲ..."

"ಏನು?"

"ಅದs. ನೀ ಇಲ್ಲದ ಮನ್ಯಾಗ ಅಂತ. ಅದು ಖರೇ ಅಂದ್ರೇನು?"

ನನ್ನ ನಾಲಗೆಯ ತುದಿಗೆ ಒಮ್ಮೆಲೇ ಏಳೆಂಟು ಜೋಕುಗಳು ಬಂದು, ರೇಷನ್ ಅಂಗಡಿಯ ಮುಂದೆ ನಿಂತಂತೆ ಸಾಲಾಗಿ ನಿಂತವು. ಒಂದೊಂದನ್ನೇ ಹಿಂದಕ್ಕೆ ಕಳಿಸಿದೆ.

"ಖರೇ," ಎಂದೆ.



"ಮತ್ತ ಇಷ್ಟ್ ದಿನಾ ಯಾಕ ಅನ್ಲಿಲ್ಲ?"

"ಬರ್ಲಿಲ್ಲ."

"ಏನ್ ಬರ್ಲಿಲ್ಲ?"

"ಹಂಗ ಮಾತಾಡಾಕ."

 ಅವಳು ಮೂಗು ಏರಿಸಿಕೊಂಡದ್ದು ಕೇಳಿಸಿತು. ಶೀತವಾಗಿರಬೇಕು, ಡಿಸೆಂಬರು.

"ರವಿವಾರ ಮುಂಜಾನಿ ಮೊದ್ಲನೇ ಬಸ್ಸಿಗೆ ಬರ್ತೇನಿ," ಎಂದಳು ಅಬಿದಾ. "ಮತ್ತ ಒಂದ್ ಮಾತು."

"ಹೇಳು."

"ಇನ್ನ ಮ್ಯಾಲ ಹಿಂತಾದ್ದು ಏನರ ಹೇಳಾವ್ರಿದ್ರ, ಮೊದ್ಲ 'ಈಗ ಖರೇ ಹೇಳ್ತೇನಿ' ಅಂತ ಒಂದ್ ಮಾತು ಹೇಳಿ ಹೇಳ್ರಿ. ನನಗ ರೂಢಿ ಇಲ್ಲ."